ಒಂದೇ ಕಿಂಡಿ, ಹಲವು ಜಾಲ



ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ. ಈ ನಾಲ್ಕರಲ್ಲಿ ಯಾವ ತಾಲ್ಲೂಕು ಕೇಂದ್ರಕ್ಕೆ ನೀವು ಕೆಲಸದ ಮೇಲೆ ಹೋದರೂ ಕಂಪ್ಯೂಟರಿನ ಮುಂದೆಯೇ ನಿಲ್ಲಬೇಕು. ಪಹಣಿ ಬೇಕೆಂದರೆ ಕಂದಾಯ ಇಲಾಖೆಯ ‘ಭೂಮಿ’, ಕ್ರಯಪತ್ರ ನೋಂದಣಿಯಾಗಬೇಕೆಂದರೆ ಉಪನೋಂದಣಾಧಿಕಾರಿಗಳ ಕಚೇರಿಯ ‘ಕಾವೇರಿ’, ಸರ್ಕಾರದ ಹಣ ಬಟವಾಡೆಯಾಗಬೇಕೆಂದರೆ ‘ಖಜಾನೆ’. ಇವು ಮೂರೂ ಕಂಪ್ಯೂಟರ್ ತಂತ್ರಾಂಶಗಳ ಹೆಸರುಗಳು. 2001ರ ಹೊತ್ತಿಗೆ ರಾಜ್ಯದ ತಾಲ್ಲೂಕುಗಳಿಗೆಲ್ಲ ಹರಡಿದ ಭೂಮಿ ಯೋಜನೆ ಕೈಬರಹದ ಪಹಣಿಯ ಜಾಗದಲ್ಲಿ ಕಂಪ್ಯೂಟರ್ ಪಹಣಿಯನ್ನು 15 ರೂಪಾಯಿ ಶುಲ್ಕಕ್ಕೆ ರೈತರ ಕೈಗಿತ್ತಿತು. ನೋಂದಣಿಯ ತಂತ್ರಾಂಶ 2023ರಲ್ಲಿ ‘ಕಾವೇರಿ 2.0’ ಎಂಬ ಹೊಸ ರೂಪಕ್ಕೆ ಬಂತು.

ಈ ಇಲಾಖೆಗಳು ಎಷ್ಟೋ ಕಡೆ ಒಂದೇ ಕಟ್ಟಡದಲ್ಲಿ ಇರುತ್ತವೆ. ಆದರೆ ಒಂದರ ಲೆಕ್ಕ ಇನ್ನೊಂದಕ್ಕೆ ಕಾಣಬಾರದು. ಖಜಾನೆಯ ಗುಮಾಸ್ತರ ಕಂಪ್ಯೂಟರಿಗೂ ಸಾರ್ವಜನಿಕರು ಮುಟ್ಟುವ ಕಂಪ್ಯೂಟರಿಗೂ ನೇರ ಸಂಪರ್ಕ ಇರಕೂಡದು. ಹಾಗೆಂದು ಇಲಾಖೆಗೊಂದರಂತೆ ಬೇರೆ ಬೇರೆ ತಂತಿ, ಬೇರೆ ಬೇರೆ ಪೆಟ್ಟಿಗೆ ಹಾಕುತ್ತ ಹೋದರೆ ಗೋಡೆ ಕೊರೆಯುವುದಕ್ಕೇ ಹಣ ಸಾಲದು. ತಂತಿ ಒಂದೇ ಇರಬೇಕು, ಜಾಲಗಳು ಬೇರೆ ಬೇರೆಯಾಗಿಯೇ ಉಳಿಯಬೇಕು. ಇದು ಸಾಧ್ಯವೇ? ಸಾಧ್ಯ. ಹೇಗೆ ಎಂಬುದನ್ನು ತಿಳಿಯೋಣ. ಅದಕ್ಕಿಂತ ಮುಖ್ಯವಾಗಿ, ಅದನ್ನು ಎಲ್ಲಿ ಮಾಡಬಾರದು ಎಂಬುದನ್ನೂ ತಿಳಿಯೋಣ.

ಸ್ವಿಚ್ ಎಂದರೇನು?

ಕಂಪ್ಯೂಟರ್ ಜಾಲದ ಮಾತಿನಲ್ಲಿ ಸ್ವಿಚ್ ಎಂದರೆ ದೀಪ ಹಚ್ಚುವ ಗುಂಡಿಯಲ್ಲ. ಸಾಲಾಗಿ 8, 24 ಅಥವಾ 48 ಕಿಂಡಿಗಳಿರುವ ಒಂದು ಚಪ್ಪಟೆ ಪೆಟ್ಟಿಗೆ. ಆ ಕಿಂಡಿಗೆ ‘ಪೋರ್ಟ್’ ಎಂದು ಹೆಸರು. ಪ್ರತಿ ಮೇಜಿನ ಕಂಪ್ಯೂಟರಿನಿಂದ ಒಂದೊಂದು ತಂತಿ ಬಂದು ಒಂದೊಂದು ಪೋರ್ಟಿಗೆ ಸೇರುತ್ತದೆ. ತಾಮ್ರದ ತಂತಿಯಾದರೆ ಅದರ ಉದ್ದ 100 ಮೀಟರ್ ಮೀರಬಾರದು.

ಕಂಪ್ಯೂಟರುಗಳು ತಮ್ಮ ಮಾತನ್ನು ಒಂದೇ ಉಸಿರಿಗೆ ಹೇಳುವುದಿಲ್ಲ, ತುಂಡು ತುಂಡಾಗಿ ಕಳಿಸುತ್ತವೆ. ಒಂದೊಂದು ತುಂಡಿಗೂ ‘ಫ್ರೇಮ್’ ಎನ್ನುತ್ತಾರೆ. ಫ್ರೇಮಿನ ಮೇಲೆ ಯಾರಿಗೆ, ಯಾರಿಂದ ಎಂಬ ಎರಡು ವಿಳಾಸಗಳಿರುತ್ತವೆ. ಸ್ವಿಚ್ ಬಂದ ಪ್ರತಿ ಫ್ರೇಮಿನ ‘ಯಾರಿಂದ’ ಎಂಬುದನ್ನು ನೋಡಿ, ಈ ಕಂಪ್ಯೂಟರು ಈ ಕಿಂಡಿಯಲ್ಲಿದೆ ಎಂದು ತನ್ನ ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ. ‘ಯಾರಿಗೆ’ ಎಂಬುದನ್ನು ನೋಡಿ, ಪಟ್ಟಿಯ ಪ್ರಕಾರ ಸರಿಯಾದ ಕಿಂಡಿಯಿಂದ ಹೊರಗೆ ಬಿಡುತ್ತದೆ. ಹಳ್ಳಿಯ ಅಂಚೆಯಣ್ಣ ಕೆಲವು ದಿನಗಳಲ್ಲಿ ಯಾರ ಮನೆ ಎಲ್ಲಿ ಎಂದು ತಿಳಿದುಕೊಳ್ಳುವ ಹಾಗೆ.

ಆದರೆ ಒಂದು ತೊಡಕಿದೆ. ಕೆಲವು ಫ್ರೇಮುಗಳು ‘ಎಲ್ಲರಿಗೂ’ ಎಂದು ಹೊರಡುತ್ತವೆ. ಹೊಸದಾಗಿ ಮಾತು ಆರಂಭಿಸುವ ಕಂಪ್ಯೂಟರು “ಇಂಥ ಸಂಖ್ಯೆಯವರು ಯಾರಿದ್ದೀರಿ?” ಎಂದು ಕೂಗುತ್ತದೆ. ಆ ಕೂಗನ್ನು ಸ್ವಿಚ್ ತನ್ನ ಎಲ್ಲ ಕಿಂಡಿಗಳಿಗೂ ಸಾರಲೇಬೇಕು. ಒಂದೇ ಸ್ವಿಚ್ಚಿಗೆ ಸೇರಿದವರೆಲ್ಲ ಒಂದೇ ಓಣಿಯವರಾದರು, ಒಬ್ಬರ ಕೂಗು ಎಲ್ಲರಿಗೂ ಕೇಳಿಸಿತು ಎಂದಾಯಿತು. ಒಂದು ಮೇಜಿನ ಕಂಪ್ಯೂಟರಿಗೆ ವೈರಸ್ ತಗುಲಿದರೆ ಅದು ಮೊದಲು ಹುಡುಕುವುದೂ ಇದೇ ಓಣಿಯವರನ್ನು.

ಒಂದು ಪೆಟ್ಟಿಗೆಯಲ್ಲಿ ಮೂರು ಓಣಿ

ಇದಕ್ಕೆ ಪರಿಹಾರವಾಗಿ ಬಂದದ್ದು ವರ್ಚುವಲ್ ಲ್ಯಾನ್, ಚಿಕ್ಕದಾಗಿ ‘ವಿ-ಲ್ಯಾನ್’. ಲ್ಯಾನ್ ಎಂದರೆ ಒಂದು ಕಟ್ಟಡದೊಳಗಿನ ಸ್ಥಳೀಯ ಜಾಲ. ವರ್ಚುವಲ್ ಎಂದರೆ ಬೇರೆ ತಂತಿಯನ್ನೇ ಎಳೆಯದೆ, ಲೆಕ್ಕದಲ್ಲಿ ಬೇರೆ ಮಾಡಿದ್ದು. 1980ರ ದಶಕದಲ್ಲಿ ಅಮೆರಿಕದ ಬೆಲ್‌ಕೋರ್ ಸಂಸ್ಥೆಯಲ್ಲಿದ್ದ ಡೇವಿಡ್ ಸಿಂಕೋಸ್ಕಿ ಎಂಬ ಎಂಜಿನಿಯರ್ ದೊಡ್ಡ ಜಾಲಗಳನ್ನು ಕಟ್ಟುವ ಯತ್ನದಲ್ಲಿದ್ದಾಗ ಈ ವಿಚಾರ ರೂಪುಗೊಂಡಿತು.

ಉದಾಹರಣೆಗಾಗಿ ಒಂದು ತಾಲ್ಲೂಕು ಕಟ್ಟಡವನ್ನು ಊಹಿಸಿಕೊಳ್ಳಿ. ಮುಳಬಾಗಿಲಿನದೇ ಎನ್ನಿ, ಮಾಲೂರಿನದೇ ಎನ್ನಿ. ಇಲ್ಲಿ ಹೇಳುವ ಅಂಕಿಗಳು ಯಾವ ನಿಜವಾದ ಕಚೇರಿಯವೂ ಅಲ್ಲ. ಸರ್ಕಾರಿ ಜಾಲದ ಒಳಗುಟ್ಟನ್ನು ಪತ್ರಿಕೆಯಲ್ಲಿ ಅಚ್ಚು ಹಾಕುವುದು ಸರಿಯೂ ಅಲ್ಲ. ನೆಲಮಹಡಿಯಲ್ಲಿ ಒಂದು ಸ್ವಿಚ್, ಮೇಲಿನ ಮಹಡಿಯಲ್ಲಿ ಒಂದು ಸ್ವಿಚ್. ಎರಡೂ ಮಹಡಿಗಳಲ್ಲಿ ಮೂರೂ ಇಲಾಖೆಗಳ ಮೇಜುಗಳಿವೆ.

ಸ್ವಿಚ್ಚಿಗೆ ನಾವು ಹೀಗೆ ಆಜ್ಞೆ ಕೊಡುತ್ತೇವೆ: 1ರಿಂದ 8ನೆಯ ಕಿಂಡಿಗಳು ವಿ-ಲ್ಯಾನ್ 10, ಅವು ಕಂದಾಯದವರಿಗೆ. 9ರಿಂದ 14 ವಿ-ಲ್ಯಾನ್ 20, ನೋಂದಣಿಯವರಿಗೆ. 15ರಿಂದ 20 ವಿ-ಲ್ಯಾನ್ 30, ಖಜಾನೆಯವರಿಗೆ. ಆ ಕ್ಷಣದಿಂದ ಪೆಟ್ಟಿಗೆ ಒಂದೇ ಆದರೂ ಒಳಗೆ ಮೂರು ಪೆಟ್ಟಿಗೆಗಳಿದ್ದ ಹಾಗೆ. 10ನೆಯ ಜಾಲದ ಕೂಗು 10ರವರಿಗೆ ಮಾತ್ರ ಕೇಳಿಸುತ್ತದೆ. ಹೀಗೆ ಒಂದೇ ಜಾಲಕ್ಕೆ ಸೇರಿದ ಕಿಂಡಿಯನ್ನು ‘ಆಕ್ಸೆಸ್ ಪೋರ್ಟ್’ ಎನ್ನುತ್ತಾರೆ.

ಮೇಲಿನ ಮಹಡಿಯಲ್ಲೂ ಹೀಗೆಯೇ ಮೂರು ಪಾಲು ಮಾಡಿದ್ದಾಯಿತು. ಈಗ ನೆಲಮಹಡಿಯ ಕಂದಾಯದವರು ಮೇಲಿನ ಕಂದಾಯದವರೊಡನೆ ಮಾತಾಡಬೇಕಲ್ಲ? ಎರಡು ಸ್ವಿಚ್ಚುಗಳ ನಡುವೆ ಜಾಲಕ್ಕೊಂದರಂತೆ ಮೂರು ತಂತಿ ಎಳೆಯಬಹುದು. ನಾಳೆ ಭೂಮಾಪನದವರು ಬಂದರೆ ನಾಲ್ಕನೆಯದು, ಸಿಸಿ ಕ್ಯಾಮೆರಾ ಬಂದರೆ ಐದನೆಯದು. ಕಿಂಡಿಗಳೆಲ್ಲ ತಂತಿಗೇ ತೀರಿಹೋಗುತ್ತವೆ. ಒಂದೇ ಕಿಂಡಿಗೆ ಹಲವು ವಿ-ಲ್ಯಾನ್ ಕೊಡುವ ಅಗತ್ಯ ಹುಟ್ಟುವುದು ಇಲ್ಲಿ.

ಬಾಕ್ಸಿನ ಮೇಲೊಂದು ಚೀಟಿ

ಕೋಲಾರದ ಎ.ಪಿ.ಎಂ.ಸಿ. ಮಾರುಕಟ್ಟೆಗೆ ಟೊಮೆಟೊ ಬರುವ ಬಗೆಯನ್ನು ನೆನೆಯಿರಿ. ಒಂದು ಹಳ್ಳಿಯಿಂದ ಮೂವರು ರೈತರು ಒಂದೇ ಟೆಂಪೊದಲ್ಲಿ ತಮ್ಮ ಬಾಕ್ಸುಗಳನ್ನು ಕಳಿಸುತ್ತಾರೆ ಎಂದುಕೊಳ್ಳಿ. ಒಬ್ಬೊಬ್ಬರದು ಒಂದೊಂದು ಮಂಡಿ. ಹಣ್ಣು ನೋಡಿ ಯಾರದೆಂದು ಹೇಳಲಾಗದು. ಟೆಂಪೊಗೆ ಏರಿಸುವಾಗ ಬಾಕ್ಸಿನ ಮೇಲೆ ಗುರುತಿನ ಚೀಟಿ ಇಟ್ಟರೆ ಇಳಿಸುವವರು ಚೀಟಿ ನೋಡಿ ಆಯಾ ಮಂಡಿಗೆ ಹಾಕುತ್ತಾರೆ. ಮಂಡಿಯೊಳಗೆ ಸೇರಿದ ಮೇಲೆ ಚೀಟಿಯ ಕೆಲಸ ಮುಗಿಯಿತು, ಅದನ್ನು ತೆಗೆದು ಬಿಸಾಡಬಹುದು. ಟೆಂಪೊ ಒಂದೇ, ಆದರೆ ಒಬ್ಬರ ಮಾಲು ಇನ್ನೊಬ್ಬರ ಲೆಕ್ಕಕ್ಕೆ ಸೇರಲಿಲ್ಲ.

ಹಲವು ಜಾಲಗಳನ್ನು ಹೊರುವ ಕಿಂಡಿ ಮಾಡುವುದೂ ಇಷ್ಟೆ. ಅದಕ್ಕೆ ‘ಟ್ರಂಕ್ ಪೋರ್ಟ್’ ಎಂದು ಹೆಸರು. ಕೆಲವು ಕಂಪನಿಗಳ ಸ್ವಿಚ್ಚುಗಳಲ್ಲಿ ‘ಟ್ಯಾಗ್ಡ್ ಪೋರ್ಟ್’ ಎಂದಿರುತ್ತದೆ. ಕಂದಾಯದ ಫ್ರೇಮು ಟ್ರಂಕಿನಿಂದ ಹೊರಡುವಾಗ ಸ್ವಿಚ್ ಅದರ ಮೇಲೆ ‘10’ ಎಂಬ ಚೀಟಿ, ಎಂದರೆ ಟ್ಯಾಗ್, ಅಂಟಿಸುತ್ತದೆ. ಆಚೆ ತುದಿಯ ಸ್ವಿಚ್ ಚೀಟಿ ಓದಿ, ಇದು 10ನೆಯ ಜಾಲದ್ದು ಎಂದು ತಿಳಿದು, ಆ ಜಾಲದ ಕಿಂಡಿಗಳ ಕಡೆಗೆ ಮಾತ್ರ ಕಳಿಸುತ್ತದೆ. ಮೇಜಿನ ಕಂಪ್ಯೂಟರಿಗೆ ಒಪ್ಪಿಸುವ ಮುನ್ನ ಚೀಟಿಯನ್ನು ಕಿತ್ತುಹಾಕುತ್ತದೆ. ತನ್ನ ಫ್ರೇಮಿಗೆ ದಾರಿಯಲ್ಲಿ ಚೀಟಿ ಅಂಟಿತ್ತು ಎಂಬುದು ಮೇಜಿನ ಮೇಲಿನ ಕಂಪ್ಯೂಟರಿಗೆ ಗೊತ್ತೇ ಆಗುವುದಿಲ್ಲ.

ಚೀಟಿ ಇಲ್ಲದೆ ಹೋದರೆ? 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಕೊಳವೆಯಲ್ಲಿ ಕೋಲಾರದ ಕೆರೆಗಳಿಗೆ ಬರುತ್ತಿದೆ. ಕೊಳವೆಯಲ್ಲಿ ಒಮ್ಮೆ ಸೇರಿದ ನೀರಿನಲ್ಲಿ ಇದು ಯಾವ ಬಡಾವಣೆಯದು ಎಂದು ಬೇರೆ ಮಾಡಲಾಗುವುದಿಲ್ಲ. ಗುರುತಿಲ್ಲದೆ ಒಂದೇ ತಂತಿಗೆ ಸುರಿದ ಮೂರು ಜಾಲಗಳ ಗತಿಯೂ ಅದೇ.

ಟಿ.ವಿ. ಕೇಬಲ್ಲಿನಲ್ಲೂ ಒಂದೇ ತಂತಿಯಲ್ಲಿ ಹತ್ತಾರು ಚಾನೆಲ್ ಬರುವುದಿಲ್ಲವೇ ಎಂದು ನೀವು ಕೇಳಬಹುದು. ನಮ್ಮ ವೃತ್ತಿಯ ಪ್ರಶ್ನೆಯಾದ್ದರಿಂದ ಹೇಳಿಬಿಡುತ್ತೇನೆ. ಹಳೆಯ ಅನಲಾಗ್ ಕೇಬಲ್ಲಿನಲ್ಲಿ ಪ್ರತಿ ಚಾನೆಲ್ಲಿಗೂ ಅದರದೇ ಕಂಪನಾಂಕದ ಪಟ್ಟಿ ಇದ್ದು, ಎಲ್ಲವೂ ಒಟ್ಟಿಗೆ, ಏಕಕಾಲದಲ್ಲಿ ಹರಿಯುತ್ತಿದ್ದವು. ಟ್ರಂಕಿನಲ್ಲಿ ಹಾಗಲ್ಲ. ಫ್ರೇಮುಗಳು ಒಂದರ ಹಿಂದೊಂದು ಸರದಿಯಲ್ಲಿ ಸಾಗುತ್ತವೆ. ಆದರೆ ವೇಗ ಎಷ್ಟೆಂದರೆ, ಸೆಕೆಂಡಿಗೆ 1 ಗಿಗಾಬಿಟ್ ಸಾಗಿಸುವ ತಂತಿಯಲ್ಲಿ ದೊಡ್ಡ ಫ್ರೇಮು ದಾಟಲು ಬೇಕಾಗುವುದು ಸುಮಾರು 12 ಮೈಕ್ರೊಸೆಕೆಂಡ್, ಎಂದರೆ ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ 12 ಭಾಗ. ಆದ್ದರಿಂದ ಸರದಿ ನಿಂತದ್ದು ಯಾರಿಗೂ ತಿಳಿಯುವುದಿಲ್ಲ.

ಚೀಟಿಯಲ್ಲಿ ಏನು ಬರೆದಿರುತ್ತದೆ?

1990ರ ದಶಕದಲ್ಲಿ ಒಂದೊಂದು ಕಂಪನಿಯ ಚೀಟಿ ಒಂದೊಂದು ಬಗೆಯದಾಗಿತ್ತು. ಸಿಸ್ಕೊ ಕಂಪನಿಯದು ‘ಐ.ಎಸ್.ಎಲ್.’ ಎಂಬ ತನ್ನದೇ ಪದ್ಧತಿ. ಅದು ಫ್ರೇಮಿಗೆ ಚೀಟಿ ಅಂಟಿಸುತ್ತಿರಲಿಲ್ಲ, ಇಡೀ ಫ್ರೇಮನ್ನೇ ಇನ್ನೊಂದು ಲಕೋಟೆಯೊಳಗೆ ಹಾಕುತ್ತಿತ್ತು. ಹೀಗಾಗಿ ಒಂದು ಕಂಪನಿಯ ಪೆಟ್ಟಿಗೆಗೆ ಇನ್ನೊಂದು ಕಂಪನಿಯ ಭಾಷೆ ತಿಳಿಯುತ್ತಿರಲಿಲ್ಲ. 1998ರಲ್ಲಿ ಐ.ಇ.ಇ.ಇ. ಎಂಬ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆ ‘802.1ಕ್ಯೂ’ ಎಂಬ ಸಾಮಾನ್ಯ ಮಾನದಂಡವನ್ನು ರೂಪಿಸಿತು. ಇಂದು ಎಲ್ಲರೂ ಪಾಲಿಸುವುದು ಇದನ್ನೇ.

ಇದರ ಚೀಟಿಯ ಅಳತೆ 4 ಬೈಟ್, ಅಂದರೆ 32 ಬಿಟ್. ಮೊದಲ 16 ಬಿಟ್‌ಗಳಲ್ಲಿ “ಇದು ಚೀಟಿ” ಎಂದು ಸಾರುವ ಗೊತ್ತಾದ ಸಂಖ್ಯೆ ಇರುತ್ತದೆ. ಮುಂದಿನ 3 ಬಿಟ್ ತುರ್ತಿನ ಮಟ್ಟವನ್ನು ಹೇಳುತ್ತವೆ. 3 ಬಿಟ್‌ಗಳಲ್ಲಿ 8 ಮಟ್ಟ ಸಾಧ್ಯ, ದೂರವಾಣಿಯ ಧ್ವನಿಯಂಥ ತಡೆಯಲಾರದ ಮಾಲಿಗೆ ಮೇಲಿನ ಮಟ್ಟ ಕೊಡಬಹುದು. ಅನಂತರದ 1 ಬಿಟ್, ದಟ್ಟಣೆಯಾದಾಗ ಈ ಫ್ರೇಮನ್ನು ಮೊದಲು ಕೈಬಿಡಬಹುದೇ ಎಂಬುದನ್ನು ಸೂಚಿಸುತ್ತದೆ. ಉಳಿದ 12 ಬಿಟ್‌ಗಳಲ್ಲಿ ವಿ-ಲ್ಯಾನ್ ಸಂಖ್ಯೆ. ಎರಡನ್ನು 12 ಸಲ ಗುಣಿಸಿದರೆ 4096. ಅದರಲ್ಲಿ ಮೊದಲಿನ 0 ಮತ್ತು ಕೊನೆಯ 4095 ಮೀಸಲು. ನಮಗೆ ಸಿಗುವುದು 4094 ಜಾಲಗಳು. ತಾಲ್ಲೂಕು ಕಚೇರಿಗೆ ಧಾರಾಳವಾಯಿತು.

ಚೀಟಿ ಸೇರಿದ ಮೇಲೆ ಫ್ರೇಮಿನ ಗರಿಷ್ಠ ಗಾತ್ರ 1518 ಬೈಟಿನಿಂದ 1522ಕ್ಕೆ ಏರುತ್ತದೆ. ತೀರ ಹಳೆಯ ಪೆಟ್ಟಿಗೆಗಳು ಈ 4 ಬೈಟ್ ಹೆಚ್ಚಳವನ್ನು ಕಂಡು ಫ್ರೇಮನ್ನೇ ತಿರಸ್ಕರಿಸುವುದುಂಟು. ಚಿಕ್ಕ ಸಂದೇಶ ಹೋಗುತ್ತದೆ, ದೊಡ್ಡ ಕಡತ ನಿಂತುಬಿಡುತ್ತದೆ ಎಂಬ ದೂರು ಬಂದರೆ ಮೊದಲು ಇದನ್ನು ಅನುಮಾನಿಸಿ.

ಎಲ್ಲಿ ಬೇಕು, ಎಲ್ಲಿ ಬೇಡ?

ಈಗ ನಮ್ಮ ಮುಖ್ಯ ವಿಷಯಕ್ಕೆ ಬಂದೆವು. ಒಂದು ಕಿಂಡಿಗೆ ಹಲವು ಜಾಲ ಕೊಡಬೇಕಾದರೆ ಒಂದೇ ಒಂದು ಪರೀಕ್ಷೆ: ಆ ತಂತಿಯ ಆಚೆ ತುದಿಯಲ್ಲಿರುವ ಯಂತ್ರಕ್ಕೆ ಚೀಟಿ ಓದಲು ಬರುತ್ತದೆಯೇ? ಬರುವುದಾದರೆ, ಅದು ನಂಬಿಕಸ್ಥವೇ?

ಚೀಟಿ ಓದಬಲ್ಲ ಯಂತ್ರಗಳು ಇವು. ಮೊದಲನೆಯದು ಇನ್ನೊಂದು ಸ್ವಿಚ್. ಎರಡನೆಯದು ರೂಟರ್, ಎಂದರೆ ಜಾಲದಿಂದ ಜಾಲಕ್ಕೆ ದಾರಿ ತೋರುವ ಯಂತ್ರ. ಇದಕ್ಕೆ ಒಂದೇ ತಂತಿ ಕೊಟ್ಟು, ಅದರೊಳಗೆ ಪ್ರತಿ ವಿ-ಲ್ಯಾನಿಗೂ ಒಂದು ಉಪದ್ವಾರ ಮಾಡಬಹುದು. ಮೂರನೆಯದು, ಹಲವು ಇಲಾಖೆಗಳ ಕೆಲಸವನ್ನು ಒಬ್ಬನೇ ಹೊತ್ತ ದೊಡ್ಡ ಸರ್ವರ್. ಅದರೊಳಗೆ ಹಲವು ವರ್ಚುವಲ್ ಯಂತ್ರಗಳಿದ್ದು, ಒಂದೊಂದಕ್ಕೂ ಒಂದೊಂದು ಜಾಲ ಬೇಕಾಗುತ್ತದೆ. ನಾಲ್ಕನೆಯದು ವೈ-ಫೈ ಪೆಟ್ಟಿಗೆ. ಕೋಲಾರದ ಒಂದು ಕಾಲೇಜಿನಲ್ಲಿ ಅಧ್ಯಾಪಕರಿಗೊಂದು, ವಿದ್ಯಾರ್ಥಿಗಳಿಗೊಂದು, ಅತಿಥಿಗಳಿಗೊಂದು ವೈ-ಫೈ ಹೆಸರು ಬೇಕೆನ್ನಿ. ಚಾವಣಿಯಲ್ಲಿ ಪೆಟ್ಟಿಗೆ ಒಂದೇ, ತಂತಿ ಒಂದೇ. ಮೂರು ಹೆಸರಿಗೂ ಮೂರು ವಿ-ಲ್ಯಾನ್. ಐದನೆಯದು ಜಾಲದ ದೂರವಾಣಿ. ಅದರ ಬೆನ್ನಿಗೆ ಕಂಪ್ಯೂಟರನ್ನು ಸಿಕ್ಕಿಸುತ್ತಾರೆ. ಧ್ವನಿಗೆ ಚೀಟಿ ಇರುತ್ತದೆ, ಕಂಪ್ಯೂಟರಿನ ಮಾಲು ಚೀಟಿಯಿಲ್ಲದೆ ಸಾಗುತ್ತದೆ. ಒಂದೇ ಕಿಂಡಿ, ಎರಡು ಜಾಲ.

ಚೀಟಿ ಓದಲು ಬಾರದವು ಯಾವುವು? ಮೇಜಿನ ಮೇಲಿನ ಸಾಮಾನ್ಯ ಕಂಪ್ಯೂಟರ್, ಮುದ್ರಕ, ಸಿಸಿ ಕ್ಯಾಮೆರಾ, ಬೆರಳಚ್ಚು ಹಾಜರಾತಿ ಯಂತ್ರ. ಕಂಪ್ಯೂಟರಿಗೆ ಅದನ್ನು ಕಲಿಸಬಹುದು. ಲಿನಕ್ಸಿನಲ್ಲಿ ಅದಕ್ಕೆ ಏರ್ಪಾಡು ಇದ್ದೇ ಇದೆ. ಆದರೆ ಕಲಿಸಬಹುದು ಎಂದ ಮಾತ್ರಕ್ಕೆ ಕಲಿಸಬೇಕಿಲ್ಲ. ಒಬ್ಬ ಗುಮಾಸ್ತರ ಕಂಪ್ಯೂಟರಿಗೆ ಮೂರೂ ಇಲಾಖೆಗಳ ಬಾಗಿಲು ತೆರೆದರೆ, ಆ ಕಂಪ್ಯೂಟರಿಗೆ ತಗುಲಿದ ರೋಗಕ್ಕೂ ಮೂರೂ ಬಾಗಿಲು ತೆರೆದಂತಾಯಿತು.

ಬಹಳ ಜನ ಎಡವುವುದು ಇಲ್ಲಿಯೇ. “ನಮ್ಮ ಕೋಣೆಯ ಮುದ್ರಕ ಎರಡು ಇಲಾಖೆಗೂ ಬೇಕು, ಅದರ ಕಿಂಡಿಗೆ ಎರಡೂ ವಿ-ಲ್ಯಾನ್ ಹಾಕಿಬಿಡಿ” ಎನ್ನುತ್ತಾರೆ. ಕೇಳುವುದಕ್ಕೆ ಸಲೀಸು. ಆದರೆ ಒಂದು ಕಿಂಡಿಗೆ ಹಲವು ಜಾಲ ಹಾಯಿಸುವುದು ಬೇರೆ, ಒಂದು ಜಾಲದವರಿಗೆ ಇನ್ನೊಂದು ಜಾಲದ ಒಂದು ವಸ್ತುವನ್ನು ಬಳಸಲು ಬಿಡುವುದು ಬೇರೆ. ಮೊದಲನೆಯದು ಸಾಗಣೆಯ ಕೆಲಸ, ಅದನ್ನು ಟ್ರಂಕ್ ಮಾಡುತ್ತದೆ. ಎರಡನೆಯದು ಅನುಮತಿಯ ಕೆಲಸ, ಅದನ್ನು ಮಾಡಬೇಕಾದುದು ಬಾಗಿಲು ಕಾಯುವ ರೂಟರ್ ಅಥವಾ ಫೈರ್‌ವಾಲ್. ಮುದ್ರಕವನ್ನು ವಿ-ಲ್ಯಾನ್ 40ರಲ್ಲಿ ಒಂಟಿಯಾಗಿ ಇಡಿ. ಬಳಿಕ ರೂಟರಿಗೆ ಹೇಳಿ: 10 ಮತ್ತು 20ರವರು ಈ ಮುದ್ರಕಕ್ಕೆ ಮುದ್ರಣದ ಮಾಲು ಮಾತ್ರ ಕಳಿಸಬಹುದು, ಮುದ್ರಕ ತಾನಾಗಿ ಯಾರನ್ನೂ ಕರೆಯಕೂಡದು. ಹಲವು ಮುದ್ರಕಗಳು ಇಂಥ ಮಾಲನ್ನು 9100 ಎಂಬ ಸಂಖ್ಯೆಯಲ್ಲಿ ಸ್ವೀಕರಿಸುತ್ತವೆ. ಅದೊಂದನ್ನು ತೆರೆದರೆ ಸಾಕು. ಇಬ್ಬರಿಗೂ ಕಾಗದ ಸಿಕ್ಕಿತು, ಇಬ್ಬರ ಓಣಿಯೂ ಬೇರೆಯಾಗಿಯೇ ಉಳಿಯಿತು.

ಜಮೀನಿನ ವ್ಯವಹಾರದಲ್ಲೂ ಇದೇ ನೀತಿಯನ್ನು ಕಾಣಬಹುದು. ಶ್ರೀನಿವಾಸಪುರದ ಒಂದು ಮಾವಿನ ತೋಟ ಮಾರಾಟವಾಯಿತು ಎನ್ನಿ. ಉಪನೋಂದಣಿ ಕಚೇರಿಯಲ್ಲಿ ಪತ್ರ ನೋಂದಣಿಯಾದ ಮೇಲೆ ಅದರ ವಿವರ ‘ಜೆ-ಸ್ಲಿಪ್’ ರೂಪದಲ್ಲಿ ಕಾವೇರಿಯಿಂದ ಭೂಮಿಗೆ ಹೋಗುತ್ತದೆ. ಅಲ್ಲಿ ಖಾತೆ ಬದಲಾವಣೆಯ, ಎಂದರೆ ಮ್ಯುಟೇಷನ್ನಿನ, ಕೆಲಸ ಮೊದಲಾಗುತ್ತದೆ. ಆಕ್ಷೇಪಣೆಗೆ ಅವಕಾಶವಿದ್ದು, ಅನಂತರವೇ ಪಹಣಿಯಲ್ಲಿ ಹೆಸರು ಬದಲಾಗುತ್ತದೆ. ಎರಡು ಇಲಾಖೆಗಳು ಮಾತಾಡಿಕೊಂಡವು, ಹೌದು. ಆದರೆ ಗೊತ್ತಾದ ನಮೂನೆಯಲ್ಲಿ, ಗೊತ್ತಾದ ದಾರಿಯಲ್ಲಿ, ದಾಖಲೆ ಉಳಿಯುವ ಹಾಗೆ ಮಾತಾಡಿಕೊಂಡವು. ನೋಂದಣಿಯವರು ತಾವೇ ಹೋಗಿ ಪಹಣಿ ತಿದ್ದಲಿಲ್ಲ. ಈ ವಿನಿಮಯ ಕಚೇರಿಯ ಸ್ವಿಚ್ಚಿನಲ್ಲಿ ನಡೆಯುವುದಿಲ್ಲ, ತಂತ್ರಾಂಶಗಳ ನಡುವೆ ನಡೆಯುತ್ತದೆ. ಇಲಾಖೆಗಳಿಗೆ ಸಂಬಂಧ ಬೇಕೆಂದ ಮಾತ್ರಕ್ಕೆ ಅವುಗಳ ತಂತಿಗಳನ್ನು ಬೆರೆಸಬೇಕಿಲ್ಲ. ಮಾಡುವ ಜೋಡಣೆ ತಪ್ಪಿದರೆ ಅಪಾಯಕ್ಕೆ ಸಿಗುವುದು ಒಬ್ಬ ರೈತನ ಹೊಲದ ದಾಖಲೆ ಎಂಬುದನ್ನು ಮರೆಯಬಾರದು.

ಜೋಡಿಸುವ ಕ್ರಮ

ಸ್ವಿಚ್ಚಿನ ಮುಂದೆ ಕೂರುವ ತರುಣ ತಂತ್ರಜ್ಞರಿಗಾಗಿ ಕ್ರಮವನ್ನು ಚಿಕ್ಕದಾಗಿ ಹೇಳುತ್ತೇನೆ.

ಒಂದು: ಕಾಗದದ ಮೇಲೆ ಪಟ್ಟಿ ಮಾಡಿ. ಯಾವ ಸಂಖ್ಯೆ ಯಾವ ಜಾಲ, ಯಾವ ಕಿಂಡಿ ಯಾರಿಗೆ.

ಎರಡು: ಆ ವಿ-ಲ್ಯಾನ್‌ಗಳನ್ನು ಎರಡೂ ತುದಿಯ ಸ್ವಿಚ್ಚುಗಳಲ್ಲಿ ಸೃಷ್ಟಿಸಿ. ಒಂದು ತುದಿಯಲ್ಲಿ 30 ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ 30ರ ಫ್ರೇಮುಗಳು ಸದ್ದಿಲ್ಲದೆ ಬಿದ್ದುಹೋಗುತ್ತವೆ.

ಮೂರು: ಎರಡೂ ತುದಿಗಳ ಕಿಂಡಿಯನ್ನು ಟ್ರಂಕ್ ಎಂದು ಘೋಷಿಸಿ. ಒಂದು ತುದಿ ಟ್ರಂಕ್, ಇನ್ನೊಂದು ಆಕ್ಸೆಸ್ ಆಗಿದ್ದರೆ ಕೆಲವು ಕಂಪ್ಯೂಟರುಗಳು ಮಾತಾಡುತ್ತವೆ, ಕೆಲವು ಮೂಗರಾಗುತ್ತವೆ. ದೋಷ ಹುಡುಕಲು ಇಡೀ ದಿನ ಬೇಕಾದೀತು.

ನಾಲ್ಕು: ಆ ಟ್ರಂಕಿನಲ್ಲಿ ಯಾವ ಯಾವ ಜಾಲ ಸಾಗಬಹುದು ಎಂಬ ಪಟ್ಟಿ ಕೊಡಿ. ಸಿಸ್ಕೊ ಸ್ವಿಚ್ಚಿನಲ್ಲಿ ಪಟ್ಟಿ ಕೊಡದಿದ್ದರೆ ಎಲ್ಲ ಜಾಲಗಳೂ ಸಾಗುತ್ತವೆ. ಬೇಕಾದಷ್ಟನ್ನೇ ಬಿಡುವುದು ಲೇಸು.

ಐದು: ಇದೇ ಪಟ್ಟಿಗೆ ಮುಂದೊಮ್ಮೆ ಹೊಸ ಜಾಲ ಸೇರಿಸುವಾಗ ಮೈಯೆಲ್ಲ ಕಣ್ಣಾಗಿರಿ. ಸಿಸ್ಕೊ ಪದ್ಧತಿಯಲ್ಲಿ ‘ಅಲೋಡ್ ವಿ-ಲ್ಯಾನ್’ ಎಂಬ ಆಜ್ಞೆಯ ಜೊತೆಗೆ ‘ಆಡ್’ ಎಂಬ ಪದವನ್ನೂ ಬರೆಯಬೇಕು. ಆ ಪುಟ್ಟ ಪದ ಬಿಟ್ಟು ಕೇವಲ 40 ಎಂದು ಬರೆದರೆ ಸ್ವಿಚ್ 40ನ್ನು ಸೇರಿಸುವುದಿಲ್ಲ, ಹಳೆಯ ಪಟ್ಟಿಯನ್ನೇ ಅಳಿಸಿ 40 ಒಂದನ್ನೇ ಇಟ್ಟುಕೊಳ್ಳುತ್ತದೆ. ಮುದ್ರಕಕ್ಕೆ ದಾರಿ ಸಿಕ್ಕ ಕ್ಷಣದಲ್ಲೇ ಕಂದಾಯ, ನೋಂದಣಿ, ಖಜಾನೆ ಮೂರೂ ಮೇಲಿನ ಮಹಡಿಯಲ್ಲಿ ನಿಂತುಹೋಗುತ್ತವೆ. ಸಾಲಿನಲ್ಲಿ ನಿಂತ ಜನರಿಗೆ ಸಿಗುವ ಉತ್ತರ: “ಸರ್ವರ್ ಡೌನ್, ನಾಳೆ ಬನ್ನಿ.” ಇಂಥ ಬದಲಾವಣೆಯನ್ನು ಕಚೇರಿ ವೇಳೆ ಮುಗಿದ ಮೇಲೆ ಮಾಡುವುದು ಜಾಣತನ.

ಆರು: ಪರೀಕ್ಷಿಸಿ. 10ರಿಂದ 10ಕ್ಕೆ ಹೋಗುತ್ತದೆಯೇ ಎಂದು ನೋಡಿದರೆ ಸಾಲದು. 10ರಿಂದ 30ಕ್ಕೆ ಹೋಗುತ್ತಿಲ್ಲವೇ ಎಂಬುದನ್ನೂ ನೋಡಬೇಕು. ಹೋಗಬಾರದ್ದು ಹೋಗುತ್ತಿಲ್ಲ ಎಂದು ಖಾತರಿಯಾದಾಗಲೇ ಕೆಲಸ ಮುಗಿಯಿತು.

ಚೀಟಿಯಿಲ್ಲದೆ ಬಂದವರ ಕಥೆ

ಟ್ರಂಕಿಗೆ ಚೀಟಿಯಿಲ್ಲದ ಫ್ರೇಮು ಬಂದರೆ ಏನಾಗಬೇಕು? ಅದಕ್ಕೂ ನಿಯಮವಿದೆ. ಪ್ರತಿ ಟ್ರಂಕಿಗೂ ಒಂದು ‘ನೇಟಿವ್ ವಿ-ಲ್ಯಾನ್’ ಇರುತ್ತದೆ. ಚೀಟಿಯಿಲ್ಲದವೆಲ್ಲ ಆ ಜಾಲದ್ದೆಂದು ಲೆಕ್ಕ. ಯಾರೂ ಬದಲಿಸದಿದ್ದರೆ ಅದು ಸಾಮಾನ್ಯವಾಗಿ 1.

ಇದರಿಂದ ಎರಡು ಅಪಾಯಗಳಿವೆ. ಎರಡು ತುದಿಗಳಲ್ಲಿ ನೇಟಿವ್ ಸಂಖ್ಯೆ ಬೇರೆ ಬೇರೆಯಾದರೆ, ಇಲ್ಲಿ 10ರ ಫ್ರೇಮು ಚೀಟಿಯಿಲ್ಲದೆ ಹೊರಟು ಅಲ್ಲಿ 20 ಎಂದು ಒಳಸೇರಬಹುದು. ಎರಡು ಇಲಾಖೆಗಳು ಯಾರಿಗೂ ತಿಳಿಯದಂತೆ ಬೆರೆತುಹೋದವು. ಇನ್ನೊಂದು, ಕಿಡಿಗೇಡಿಯೊಬ್ಬ ಫ್ರೇಮಿಗೆ ಒಂದರ ಮೇಲೊಂದು ಎರಡು ಚೀಟಿ ಅಂಟಿಸಿ ಕಳಿಸಬಹುದು. ಮೊದಲ ಸ್ವಿಚ್ ಮೇಲಿನ ಚೀಟಿ ನೋಡಿ ನೇಟಿವ್ ಜಾಲದ್ದೆಂದು ಅದನ್ನು ಕಿತ್ತು ಮುಂದೆ ಬಿಡುತ್ತದೆ. ಎರಡನೆಯ ಸ್ವಿಚ್ಚಿಗೆ ಒಳಗಿನ ಚೀಟಿ ಕಾಣುತ್ತದೆ. ಫ್ರೇಮು ಹೋಗಬಾರದ ಜಾಲಕ್ಕೆ ಹೋಗುತ್ತದೆ. ಪರಿಹಾರ ಸರಳ: ಯಾವ ಮೇಜಿಗೂ ಕೊಡದ ಒಂದು ಸಂಖ್ಯೆಯನ್ನು ನೇಟಿವ್ ಎಂದು ಇಡಿ, ಎರಡೂ ತುದಿಯಲ್ಲಿ ಒಂದೇ ಸಂಖ್ಯೆ ಇರಲಿ.

ಕೆಲವು ಸ್ವಿಚ್ಚುಗಳು ಎದುರಿನ ಯಂತ್ರ ಕೇಳಿದರೆ ತಾವಾಗಿಯೇ ಟ್ರಂಕ್ ಆಗಿಬಿಡುತ್ತವೆ. ಸಾರ್ವಜನಿಕರ ಕೈಗೆಟುಕುವ ಗೋಡೆಯ ಕಿಂಡಿ ಹೀಗೆ ಮೋಸಹೋದರೆ ಎಲ್ಲ ಜಾಲಗಳೂ ಬಯಲಾದವು. ಆದ್ದರಿಂದ ಮೇಜಿನ ಕಿಂಡಿಗಳನ್ನೆಲ್ಲ ಕಡ್ಡಾಯವಾಗಿ ಆಕ್ಸೆಸ್ ಎಂದೇ ನಿಗದಿಮಾಡಿ, ಬಳಸದ ಕಿಂಡಿಗಳನ್ನು ಮುಚ್ಚಿಡಬೇಕು.

ಇನ್ನೊಂದು ಮಾತು. ವಿ-ಲ್ಯಾನ್ ಬೇಲಿಯೇ ಹೊರತು ಬೀಗವಲ್ಲ. ಚೀಟಿಯಲ್ಲಿ ಗೂಢಲಿಪಿ ಇಲ್ಲ. ಟ್ರಂಕ್ ತಂತಿಯನ್ನೇ ಕೈಗೆ ತೆಗೆದುಕೊಂಡವರಿಗೆ ಮೂರೂ ಜಾಲ ಸಿಗುತ್ತವೆ. ಸ್ವಿಚ್ ಇರುವ ಕಪಾಟಿಗೆ ನಿಜವಾದ ಬೀಗ ಹಾಕಿ, ಕೀಲಿಕೈ ಯಾರಲ್ಲಿದೆ ಎಂದು ತಿಳಿದಿರಿ.

ಕಟ್ಟಡದ ಆಚೆಗೆ

2005ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ರಾಜ್ಯಗಳ ವಿಶಾಲ ಜಾಲ ಯೋಜನೆಗೆ ಮಂಜೂರಾತಿ ಕೊಟ್ಟಿತು. ರಾಜಧಾನಿಯಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕು ಮಟ್ಟಕ್ಕೆ ಸೆಕೆಂಡಿಗೆ ಕನಿಷ್ಠ 2 ಮೆಗಾಬಿಟ್ ಸಾಮರ್ಥ್ಯದ ಸಂಪರ್ಕ ಅದರ ಗುರಿ. ನಮ್ಮ ರಾಜ್ಯದಲ್ಲಿ ಅದು ‘ಕೆ-ಸ್ವಾನ್’ ಎಂಬ ಹೆಸರಿನಲ್ಲಿದೆ. ಅದರ ಕಲ್ಪನೆಯಲ್ಲಿ ಎರಡು ಬಗೆಯ ಜೋಡಣೆ: ಮೇಲಿನಿಂದ ಕೆಳಕ್ಕೆ ಬೆಂಗಳೂರು, ಕೋಲಾರ, ಮುಳಬಾಗಿಲು ಎಂಬಂತೆ ಲಂಬವಾದದ್ದು, ಅದೇ ಊರಿನ ಬೇರೆ ಬೇರೆ ಇಲಾಖೆಗಳನ್ನು ಅಲ್ಲಿನ ಕೇಂದ್ರಕ್ಕೆ ಸೇರಿಸುವ ಅಡ್ಡ ಜೋಡಣೆ. ಹಲವು ಇಲಾಖೆಗಳು ಒಂದೇ ದಾರಿಯಲ್ಲಿ ಬೆಂಗಳೂರಿಗೆ ಹೋಗಬೇಕಾದಾಗ ಅವುಗಳನ್ನು ಬೆರೆಯದಂತೆ ಕಾಯುವ ಪ್ರಶ್ನೆ ಕಟ್ಟಡದೊಳಗಿದ್ದಂತೆಯೇ ಇಲ್ಲಿಯೂ ಬರುತ್ತದೆ. ದೂರಸಂಪರ್ಕ ಕಂಪನಿಗಳಂತೂ ಗ್ರಾಹಕರ ಚೀಟಿಯ ಮೇಲೆ ತಮ್ಮದೊಂದು ಚೀಟಿ ಅಂಟಿಸುತ್ತವೆ. ಅದಕ್ಕೆ 2005ರ ‘802.1ಎಡಿ’ ಎಂಬ ಮಾನದಂಡವಿದೆ.

ಸರ್ಕಾರಕ್ಕೆ ಮಾತ್ರವಲ್ಲ, ಮಾಲೂರು, ನರಸಾಪುರದ ಕೈಗಾರಿಕಾ ಪ್ರದೇಶಗಳ ಕಾರ್ಖಾನೆಗಳಿಗೂ ಈ ಪಾಠ ಬೇಕು. ಯಂತ್ರ ನಡೆಸುವ ಜಾಲ, ಕಚೇರಿಯ ಜಾಲ, ಕ್ಯಾಮೆರಾ ಜಾಲ ಮೂರೂ ಒಂದಾದರೆ, ಕಚೇರಿಗೆ ಬಂದ ಒಂದು ಕೆಟ್ಟ ಇ-ಮೇಲ್ ಯಂತ್ರವನ್ನು ನಿಲ್ಲಿಸಬಲ್ಲದು.

ಕೇಳಬಹುದಾದ ಕೆಲವು ಪ್ರಶ್ನೆಗಳು

ಒಂದೇ ತಂತಿ ಎಲ್ಲವನ್ನೂ ಹೊತ್ತರೆ ಅದು ಕಡಿದಾಗ ಎಲ್ಲವೂ ನಿಲ್ಲುವುದಿಲ್ಲವೇ? ನಿಲ್ಲುತ್ತದೆ. ಅದಕ್ಕಾಗಿ ಮುಖ್ಯ ಸ್ವಿಚ್ಚುಗಳ ನಡುವೆ ಎರಡು ತಂತಿ ಹಾಕಿ, ಎರಡನ್ನೂ ಸೇರಿಸಿ ಒಂದೇ ಟ್ರಂಕ್ ಎಂದು ಭಾವಿಸುವಂತೆ ಮಾಡಬಹುದು. ಒಂದು ಹೋದರೂ ಇನ್ನೊಂದು ನಡೆಸುತ್ತದೆ.

ಅಂಗಡಿಯಲ್ಲಿ ಸಿಗುವ ಅಗ್ಗದ ಸ್ವಿಚ್ಚಿನಲ್ಲಿ ಇದೆಲ್ಲ ಆಗುತ್ತದೆಯೇ? ಆಜ್ಞೆ ಕೊಡಲು ಬಾರದ ‘ಅನ್‌ಮ್ಯಾನೇಜ್ಡ್’ ಸ್ವಿಚ್ಚಿನಲ್ಲಿ ಆಗದು. ಕೊಳ್ಳುವಾಗ ‘ಮ್ಯಾನೇಜ್ಡ್’ ಅಥವಾ ‘ಸ್ಮಾರ್ಟ್’ ಎಂದಿದೆಯೇ, 802.1ಕ್ಯೂ ಬೆಂಬಲವಿದೆಯೇ ಎಂದು ಕೇಳಿ.

ಬೇರೆ ಬೇರೆ ವಿ-ಲ್ಯಾನಿನವರು ಟ್ರಂಕ್ ಇದ್ದ ಮಾತ್ರಕ್ಕೆ ಪರಸ್ಪರ ಮಾತಾಡಬಹುದೇ? ಆಡಲಾರರು. ನಡುವೆ ರೂಟರ್ ಬೇಕು, ರೂಟರಿನಲ್ಲಿ ಅನುಮತಿ ಬೇಕು.

ಓದುಗರೇ, ನಿಮ್ಮ ಶಾಲೆಗೆ, ಸಹಕಾರ ಸಂಘಕ್ಕೆ, ಆಸ್ಪತ್ರೆಗೆ ಜಾಲ ಜೋಡಿಸಲು ಯಾರಾದರೂ ಬಂದಾಗ ಮೂರು ಪ್ರಶ್ನೆ ಕೇಳಿ: ಯಾವ ಕಿಂಡಿಗಳು ಟ್ರಂಕ್? ಅವುಗಳಲ್ಲಿ ಯಾವ ಜಾಲಗಳಿಗೆ ಮಾತ್ರ ದಾರಿ? ಜಾಲದಿಂದ ಜಾಲಕ್ಕೆ ಹೋಗುವ ಬಾಗಿಲನ್ನು ಕಾಯುವವರು ಯಾರು? ಉತ್ತರವನ್ನು ಒಂದು ಹಾಳೆಯ ಮೇಲೆ ಬರೆಸಿಕೊಂಡು ಕಡತದಲ್ಲಿಡಿ, ಅದರ ಪ್ರತಿಯೊಂದನ್ನು ಸ್ವಿಚ್ಚಿನ ಕಪಾಟಿನ ಒಳಬದಿಗೆ ಅಂಟಿಸಿ. ಜೋಡಿಸಿದವರು ವರ್ಗವಾಗಿ ಹೋದ ಮೇಲೆ, ಹೊಸದಾಗಿ ಬಂದವರಿಗೆ ಯಾವ ತಂತಿ ಎಲ್ಲಿಗೆ ಎಂದು ಹೇಳುವುದು ಆ ಹಾಳೆಯೇ.